ಬಿಳಿ ಪುಡಿ ಮ್ಯಾಲಿನ ಕೆಂಪು ಚುಕ್ಕಿ

ಡಿಪಿ ಅನ್ನೋ ಮಾತು ಕಿವಿಗೆ ಬಿದ್ರ ಸಾಕು, ನಮ್ಮ ಶೆಡ್ಡಿನ್ಯಾಗ ಎಂಥಾ ವೆಲ್ಡರೂ ಕೈಯಾಗಿನ ಚಾ ಕೆಳಗಿಡ್ತಾರ. ಬೆಸುಗಿ ಗಟ್ಟಿ ಐತೋ ಇಲ್ಲೋ ಅಂತ ನೋಡೋ ಪರೀಕ್ಷೆ ಅದು. ಮೊದಲು ಬೆಸುಗಿ ಮ್ಯಾಲ ಕೆಂಪು ಬಣ್ಣ ಸ್ಪ್ರೇ ಹೊಡಿತಾರ, ಸ್ವಲ್ಪ ಹೊತ್ತು ಬಿಟ್ಟು ಪೂರಾ ಒರಸ್ತಾರ, ಆಮ್ಯಾಲ ಬಿಳಿ ಪುಡಿ ಹೊಡಿತಾರ. ಬೆಸುಗಿ ಚೊಲೋ ಇದ್ರ ಆ ಬಿಳಿ ಹಂಗೇ ಇರ್ತೈತಿ. ಸೂಜಿ ಮೊನಿಯಷ್ಟು ತೂತಿದ್ರೂ ಅದರೊಳಗ ಅಡಗಿ ಕುಂತ ಕೆಂಪು ಮೆಲ್ಲಕ ಮ್ಯಾಲಕ್ಕ ಬಂದು ಚುಕ್ಕಿಯಾಗಿ ಮೂಡ್ತೈತಿ. ಅದು ಮೂಡ್ತೈತೋ ಇಲ್ಲೋ ಅಂತ ಬಾಜೂಕ ನಿಂತು ಕಾಯ್ತೀವಲ್ಲ, ಆ ಹೊತ್ತು ವೈರಿಗೂ ಬ್ಯಾಡ.

ಆ ಬ್ಯಾಸಿಗಿಯಾಗ ನನ್ನ ಬೆಸುಗಿ ಮ್ಯಾಲ ಕೆಂಪು ಚುಕ್ಕಿ ಬೀಳಾಕ ಶುರುವಾತು.

ನಾನು ಆರ್ಗಾನ್ ವೆಲ್ಡರು. ಹೊಸಪೇಟಿ ಹೊರಗ, ಸಂಡೂರಿನ ಅದಿರು ಲಾರಿ ಓಡಾಡೋ ರಸ್ತಿ ಬಾಜೂಕ ನಮ್ಮ ಶೆಡ್ಡು. ಔಷಧಿ ಕಾರ್ಖಾನಿಗೆ ಹೋಗೋ ಸ್ಟೇನ್‌ಲೆಸ್ ಸ್ಟೀಲಿನ ಸಣ್ಣ ಟ್ಯಾಂಕು, ತೆಳು ಪೈಪಿನ ಜೋಡಣಿ ಮಾಡ್ತೀವಿ. ವೆಲ್ಡಿಂಗ್ ಅಂದ್ರ ಜನಕ್ಕ ಕಿಟಕಿ ಗ್ರಿಲ್ಲು, ಗೇಟು, ಟ್ರ್ಯಾಕ್ಟರ್ ಟ್ರಾಲಿ ಅಷ್ಟೇ ಕಣ್ಮುಂದ ಬರ್ತೈತಿ. ನಮ್ಮದು ಹಂಗಲ್ಲ. ಬಲಗೈಯಾಗ ಟಾರ್ಚು, ಎಡಗೈಯಾಗ ಊದುಬತ್ತಿ ಕಡ್ಡಿಯಂಥಾ ಫಿಲ್ಲರ್ ತಂತಿ. ಟಾರ್ಚಿನ ಉರಿಗೆ ಸ್ಟೀಲು ಕರಗಿ ಹನಿ ಕಟ್ಟಿದ ಕೂಡ್ಲೇ ತಂತಿ ತುದಿ ಅದ್ದಬೇಕು, ತೆಗೀಬೇಕು, ಮತ್ತ ಅದ್ದಬೇಕು. ಎಡಗೈ ಬೆರಳ ಸಂದ್ಯಾಗಿಂದ ತಂತಿ ತಾನೇ ಜಾರ್ಕೊಂತ ಮುಂದಕ್ಕ ಬರ್ತಿರಬೇಕು. ಒಂದು ತೂತು ಉಳಿದ್ರ ಅಲ್ಲಿ ಹೊಲಸು ಕುಂದರ್ತೈತಿ, ಔಷಧಿ ಕೆಡ್ತೈತಿ, ಅದನ್ನ ಯಾರ ಮನಿ ಕೂಸಿಗೆ ಕುಡಸ್ತಾರೋ ಏನೋ.

ಟೆಸ್ಟ್ ಪಾಸಾದ ವೆಲ್ಡರಿಗೆ ಒಂದು ನಂಬರು ಕೊಡ್ತಾರ. ತಾನು ಹಾಕಿದ ಪ್ರತಿ ಬೆಸುಗಿ ಪಕ್ಕ ಆ ನಂಬರು ಕೆತ್ತಬೇಕು. ಅದು ನನ್ನ ಸಹಿ. ಬೆಸುಗಿ ಮ್ಯಾಲಿಂದ ಮ್ಯಾಲ ಕೆಟ್ರ ನಂಬರು ವಾಪಸ್ ತಗೊಂತಾರ, ನಂಬರು ಹೋದವರು ಟಾರ್ಚು ಹಿಡಿಯಂಗಿಲ್ಲ. ಗ್ರೈಂಡಿಂಗ್ ಮಾಡ್ಬೇಕು, ಇಲ್ಲಾ ಪಾಲಿಶ್, ಇಲ್ಲಾ ಕಸ. ನಾನು ಅದೇ ಶೆಡ್ಡಿಗೆ ಕಸ ಹೊಡಿಯಾಕ ಅಂತ ಸೇರಿದಾಕಿ. ಕಸಬರಿಗಿ ಹಿಡ್ಕೊಂಡೇ ಕದ್ದು ನೋಡಿ, ಕೇಳಿ, ಬೈಸ್ಕೊಂಡು, ತುಂಡು ಪೈಪಿನ ಮ್ಯಾಲ ಸುಟ್ಕೊಂಡು ಕಲ್ತೆ. ಹಂಗಾಗಿ ಆ ನಂಬರು ಹೋಗೋದಂದ್ರ ನನಗ ಏನು ಅಂತ ಬಿಡಿಸಿ ಹೇಳ್ಬೇಕಾಗಿಲ್ಲ.

ಮನ್ಯಾಗ ನಾನು, ಅಪ್ಪ, ಇಬ್ಬರೇ. ಅವ್ವ ಹೋಗಿ ಭಾಳ ದಿನ ಆತು. ನನ್ನ ಮದುವಿ ವಿಷಯ ಕೇಳಬ್ಯಾಡ್ರಿ, ಬಿಟ್ಟು ಬಂದೀನಿ, ಅದರ ಕತಿ ಇಲ್ಲಿ ಬ್ಯಾಡ. ಮಲಪನಗುಡಿಯಾಗ ನಮ್ಮ ಮನಿ. ಅಪ್ಪ ತೊಗಲಿನ ಕೆಲಸದಾಂವ. ಕಂಪ್ಲಿ ಕಡಿಯ ಕಬ್ಬಿನ ಹೊಲದ ರೈತರಿಗೆ ಎತ್ತು ಹೂಡೋ ಮಿಣಿ, ಬಾರುಕೋಲು, ಕಾಲಿಗೆ ಮೆಟ್ಟು ಹೊಲದು ಕೊಟ್ಟಾಂವ. ಎತ್ತು ಹೋಗಿ ಟ್ರ್ಯಾಕ್ಟರ್ ಬಂದ ಮ್ಯಾಲ ಹಂಪಿಯಾಗ ರಸ್ತಿ ಬಾಜೂಕ ಕುಂತು ಪ್ರವಾಸಿಗಳ ಚಪ್ಪಲಿ ರಿಪೇರಿ ಮಾಡ್ತಿದ್ದ. ಮೊಣಕಾಲು ಹಿಡ್ಕೊಂಡು ಏಳಾಕ ಬರಲಾರದಂಗ ಆದ್ರೂ ಬಿಡಲಿಲ್ಲ. ನನಗ ನಂಬರು ಸಿಕ್ಕ ದಿನ, "ಇನ್ನ ನೀ ಬಿಸಿಲಾಗ ಕುಂದರಂಗಿಲ್ಲ, ಕುಂತ್ರ ನಾ ಉಣ್ಣಂಗಿಲ್ಲ" ಅಂತ ಜಗಳ ತಗದು ಅವನ ಪೆಟ್ಟಿಗಿನ ಮಂಚದ ಕೆಳಗ ತಳ್ಳಿದ್ದೆ. ನಂಬರು ಹೋದ್ರ ಆ ಪೆಟ್ಟಿಗಿ ಹೊರಗ ಬರ್ತೈತಿ, ನನ್ನ ಒಂದು ಮಾತೂ ಕೇಳಂಗಿಲ್ಲ ಅಂತ ನನಗ ಗೊತ್ತಿತ್ತು.

ಮೊದಲನೇ ಚುಕ್ಕಿ ಬಿದ್ದಾಗ ಯಾರೂ ಏನೂ ಅನ್ನಲಿಲ್ಲ. ಎಲ್ಲಾರಿಗೂ ಬೀಳ್ತೈತಿ. ತಿಕ್ಕಿ ತಗದು ಮತ್ತ ಬೆಸುಗಿ ಹಾಕಿದೆ. ಎರಡು ದಿನ ಬಿಟ್ಟು ಮತ್ತ ಬಿತ್ತು. ಆಮ್ಯಾಲ ದಿನಾ ಒಂದು ಜಾಗದಾಗ. ನನ್ನ ಬಾಜೂಕ ಕಂಪ್ಲಿಯ ಅಣ್ಣ ಒಬ್ಬಾಂವ ವೆಲ್ಡಿಂಗ್ ಮಾಡ್ತಾನ, ಬಾಯಿ ಮುಚ್ಚೋ ಜಾತಿ ಅಲ್ಲ. "ಏನ್ ಅಕ್ಕಾ, ಪಿನ್ ಹೋಲ್ ಮಾಡೋ ಆರ್ಡರ್ ಏನರ ಬಂದೈತೇನು?" ಅಂದ. "ನಿನ್ನ ಬಾಯಿಗೆ ಬೆಸುಗಿ ಹಾಕೋ ಆರ್ಡರ್ ಬಂದೈತಿ, ಕುಂದ್ರು ಬಾ" ಅಂದೆ. ಅವತ್ತು ಇಬ್ಬರೂ ನಕ್ಕಿವಿ. ಮರು ವಾರ ಆಂವ ನಗಸಾಕ ಬರಲಿಲ್ಲ, ಚಾ ತಂದು ಕೊಟ್ಟು ಸುಮ್ಮನ ಹೋದ. ಅದು ನನಗ ಹೆಚ್ಚು ಅಂಜಿಕಿ ಹುಟ್ಟಿಸ್ತು.

ನೋಡದ ಜಾಗ ಇರಲಿಲ್ಲ. ಗ್ಯಾಸ್ ಪೈಪು ಬದಲಿ ಮಾಡಿದೆ. ಸಿಲಿಂಡರ್ ಬದಲಿ ಮಾಡಿಸಿದೆ. ಕಂಪ್ಲಿ ಅಣ್ಣನ ಟಾರ್ಚು ಇಸ್ಕೊಂಡು ಹಾಕಿದೆ, ನನ್ನದು ಅವನಿಗೆ ಕೊಟ್ಟೆ. ನನ್ನ ಟಾರ್ಚಿನ್ಯಾಗ ಅವನ ಬೆಸುಗಿ ಹಾಲಿನಂಗ ಬಂತು, ಅವನ ಟಾರ್ಚಿನ್ಯಾಗ ನನ್ನದು ಕೆಟ್ತು. ಬೆಸುಗಿ ಕಾಯೋ ಗ್ಯಾಸು ಗಾಳಿಗೆ ಚದರ್ತೈತೇನೋ ಅಂತ ಸುತ್ತಲೂ ತಗಡು ನಿಲ್ಲಿಸಿದೆ, ಆ ಬಿಸಿಲಾಗ ಫ್ಯಾನ್ ಬಂದ್ ಮಾಡಿ ಬೆವರಿಳಿಸ್ಕೊಂತ ಕುಂತೆ. ಸಂಡೂರಿನ ಕೆಂಪು ಧೂಳು ನಮ್ಮ ಕಡಿ ಊಟದ ಡಬ್ಬಿಯಾಗೂ ಬರ್ತೈತಿ, ಅದಿರಬೇಕು ಅಂತ ಪೈಪಿನ ಬಾಯಿ, ಫಿಲ್ಲರ್ ತಂತಿ ಎಲ್ಲಾ ಹೊಲಸು ತೆಗಿಯೋ ಅಸಿಟೋನ್ ಹಾಕಿ ಒರಸಿದೆ. ಒಮ್ಮೆ ಒರಸಿದ್ದನ್ನ ನಂಬಿಕಿ ಬರದ ಮತ್ತೊಮ್ಮೆ ಒರಸ್ತಿದ್ದೆ. ಬಟ್ಟಿ ಬೆಳ್ಳಗ ಬರ್ತಿತ್ತು. ಬೆಸುಗಿ ಮಾತ್ರ ಕೆಡ್ತಿತ್ತು.

ಇದರಾಗ ಒಂದು ವಿಚಿತ್ರ ಇತ್ತು. ಬೆಳಿಗ್ಗೆ ಹಾಕಿದ ಬೆಸುಗಿ ಚೊಲೋ ಇರ್ತಿತ್ತು. ಕೆಡ್ತಿದ್ದದ್ದು ಹೊತ್ತೇರಿದ ಮ್ಯಾಲ, ಊಟದ ಹೊತ್ತು ಹತ್ರ ಬಂದಾಗ, ಊಟ ಆದ ಮ್ಯಾಲ. ಕ್ವಾಲಿಟಿ ಸಾಹೇಬರು ಇದನ್ನ ಕಂಡು ಹಿಡಿದ್ರು. ವಯಸ್ಸಿನಾಗ ನನಗಿಂತ ಸಣ್ಣವರು, ಮಾತು ಮೆತ್ತಗ, ಯಾರಿಗೂ ಗದರಿಸಿದ್ದು ನಾ ಕಂಡಿಲ್ಲ. "ನೋಡ್ರಿ ಅಕ್ಕಾ, ಬೆಳಿಗ್ಗಿಂದು ಪಾಸು, ಮಧ್ಯಾಹ್ನದ್ದು ಫೇಲು. ಮಷೀನು ಅದೇ, ಗ್ಯಾಸು ಅದೇ. ಬದಲಾಗಿದ್ದು ನೀವು. ದಣಿವಾಗಾಕತ್ತೈತೇನು? ಕೈ ನಡಗ್ತೈತೇನು? ಕಣ್ಣು ತೋರಿಸೀರೇನು?" ಅಂದ್ರು.

"ನನ್ನ ಕೈ ನಡಗಿದ್ದು ನೀವು ಯಾವಾಗ ನೋಡಿದ್ರಿ?" ಅಂತ ಸಿಡಿದೆ. ಅಷ್ಟು ಹೇಳೋದರಾಗ ಕೈ ಖರೇನೇ ನಡಗಿತು. ಹಿಂದ ಕಟ್ಕೊಂಡೆ.

ಆಗಿನಿಂದ ನನ್ನ ತಲ್ಯಾಗ ಹುಳ ಹೊಕ್ಕಿತು. ನೀರು ಕುಡಿಯೋವಾಗ ಲೋಟ ನೋಡ್ತಿದ್ದೆ, ಅಲುಗಾಡ್ತೈತೇನು ಅಂತ. ಬಸ್ಸಿನ್ಯಾಗ ಎದುರಿನ ಸೀಟಿನ ಹಿಂದ ಬರದಿದ್ದನ್ನ ಒಂದು ಕಣ್ಣು ಮುಚ್ಚಿ ಓದ್ತಿದ್ದೆ, ಆಮ್ಯಾಲ ಇನ್ನೊಂದು ಕಣ್ಣು ಮುಚ್ಚಿ. ಬಾಜೂಕ ಕುಂತಾಕಿ ನನಗ ಏನೋ ಹಿಡದೈತಿ ಅಂತ ಸರದು ಕುಂತ್ಳು. ಅಡಿಗಿ ಮಾಡ್ಕೊಂತ ನಡುವ ನಿಂತು ಎಡಗೈ ಬೆರಳು ಚಾಚಿ ನೋಡ್ತಿದ್ದೆ. ನೆಟ್ಟಗ ಇರ್ತಿದ್ದವು. ನೆಟ್ಟಗ ಇದ್ರೂ ನಂಬಿಕಿ ಇಲ್ಲ. ಕೈ ನನ್ನದೇ, ಅದರ ಮ್ಯಾಲೇ ಪತ್ತೇದಾರಿ ಮಾಡೋ ಗತಿ ಬಂತು.

ಅಪ್ಪಗ ಹೇಳಲಿಲ್ಲ. ಆದ್ರ ಅನ್ನದ ಮುಂದ ಕುಂತು ತುತ್ತು ಮಾಡಿ ಮಾಡಿ ಹಂಗೇ ಬಿಡೋ ಮಗಳನ್ನ ನೋಡಿ ಅವನಿಗೆ ತಿಳೀಲಾರದೇನು? "ಯಾಕವ್ವಾ, ಕೆಲಸದಾಗ ಯಾರರ ಏನರ ಅಂದ್ರೇನು?" ಅಂತ ಕೇಳಿದ. "ಏನೂ ಇಲ್ಲಪ್ಪ, ಬಿಸಿಲಿಗೆ ಊಟ ಸೇರಂಗಿಲ್ಲ" ಅಂದೆ. ಆಂವ ಮಜ್ಜಿಗಿಗೆ ಜೀರಗಿ ಹಾಕಿ ತಂದು ಇಟ್ಟ.

ಕಡೀಕ ಒಂದು ಶನಿವಾರ ಸಾಹೇಬರು ಕರದ್ರು. ಸೋಮವಾರ ಗಿರಾಕಿ ಕಡಿಯವರು ಬರ್ತಾರ, ಅವರ ಮುಂದ ಹೊಸದಾಗಿ ಟೆಸ್ಟ್ ಕೊಡಬೇಕು. ಬೆಳಿಗ್ಗೆ ಒಂದು ಬೆಸುಗಿ, ಮಧ್ಯಾಹ್ನ ಒಂದು ಬೆಸುಗಿ. ಎರಡೂ ಬಿಳಿ ಬಂದ್ರ ನಂಬರು ಉಳೀತೈತಿ. ಇಲ್ಲಂದ್ರ ವಾಪಸ್ ಕೊಡಬೇಕು. "ನನ್ನ ಕೈಯಾಗಿಲ್ಲ ಅಕ್ಕಾ" ಅಂದ್ರು. ಮುಖ ನೋಡಿದ್ರ ಅವರಿಗೂ ಬ್ಯಾಸರ ಆಗಿತ್ತು. ನನಗ ಅವರ ಮ್ಯಾಲ ಸಿಟ್ಟು ಮಾಡಾಕೂ ಆಗಲಿಲ್ಲ. ಸಿಟ್ಟು ಬಂದಿದ್ರ ಚೊಲೋ ಇತ್ತು, ಅಂಜಿಕಿ ಸ್ವಲ್ಪ ಕಡಿಮಿ ಆಗ್ತಿತ್ತು.

ಭಾನುವಾರ ಬಟ್ಟಿ ಒಗದು ಹಿತ್ತಲದಾಗ ಹಾಕಿ ಬರ್ತಿದ್ದೆ. ಅಪ್ಪ ಮುಂದಿನ ಕಟ್ಟಿ ಮ್ಯಾಲ ಕಾಲು ಚಾಚಿ ಕುಂತಿದ್ದ. ತೊಡಿ ಮ್ಯಾಲ ಹಳೇ ಪಂಜಿ, ಪಂಜಿ ಮ್ಯಾಲ ನನ್ನ ಗ್ಲೌಸು. ಬಾಜೂಕ ಸಣ್ಣ ಬಟ್ಟಲು.

ನಮ್ಮ ಗ್ಲೌಸು ತೆಳು ತೊಗಲಿಂದು. ಶೆಡ್ಡಿನ್ಯಾಗ ಬಿಟ್ರ ಮರುದಿನ ಯಾರ ಕೈಯಾಗ ಇರ್ತಾವೋ ಹೇಳಾಕಾಗಂಗಿಲ್ಲ, ಅದಕ್ಕ ಎಲ್ಲಾರೂ ಅವರವರ ಗ್ಲೌಸು ಚೀಲದಾಗ ಹಾಕ್ಕೊಂಡು ಮನಿಗೆ ಒಯ್ತೀವಿ. ಬೆವರು, ಉರಿ ತಿಂದು ತಿಂದು ಅವು ಹಪ್ಪಳದಂಗ ಆಗ್ತಾವ, ಬೆರಳು ಮಡಚಾಕ ಬರಂಗಿಲ್ಲ. ನನ್ನವು ಮಾತ್ರ ಇತ್ತೀಚಿಗೆ ಮೆತ್ತಗ ಇದ್ದವು. ಕೈಗೆ ಹೊಂದ್ಕೊಂಡಾವ ಅಂತ ಖುಷಿ ಪಟ್ಟಿದ್ದೆ, ಹುಚ್ಚಿ.

ಅಪ್ಪ ಬಟ್ಟಲದಾಗ ಬೆರಳ ತುದಿ ಅದ್ದಿ, ಎಡಗೈ ಗ್ಲೌಸಿನ ಹೆಬ್ಬೆರಳಿಗೆ ಹಚ್ಚಿ ತಿಕ್ಕಾಕತ್ತಿದ್ದ. ಒಂದೊಂದು ಬೆರಳು, ಒಂದೊಂದು ಹೊಲಿಗಿ. ತಿಕ್ಕಿದ ಮ್ಯಾಲ ಪಂಜಿಲೆ ಒತ್ತಿ ಒರಸ್ತಿದ್ದ, ಮ್ಯಾಲ ಒಂದಿಷ್ಟೂ ಜಿಡ್ಡು ಕಾಣಲಾರದಂಗ. ನನ್ನ ಕಂಡು ನಕ್ಕ. "ಔಡಲೆಣ್ಣಿ ನೋಡವ್ವಾ. ತೊಗಲು ಒಣಗಿ ಒಣಗಿ ಸಾಯಾಕತ್ತಿತ್ತು. ದಿನಾ ನೀನು ಏಳೋದರಾಗ ಮುಂಜಾನಿ ಎದ್ದು ಹಚ್ಚಿ ಇಡ್ತೀನಿ. ಎಣ್ಣಿ ಮ್ಯಾಲ ಕಾಣಬಾರದು, ಒಳಗ ಕುಡೀಬೇಕು, ಅದು ಕೆಲಸ. ನಿನಗ ಗೊತ್ತಾಗಲಿಲ್ಲ ಅಲ್ಲ?" ಅಂದ.

ನನಗ ಒಮ್ಮೆಲೇ ಎಲ್ಲಾ ಗೊತ್ತಾತು. ಬೆಳಿಗ್ಗೆ ಗ್ಲೌಸು ತಣ್ಣಗ ಇರ್ತಾವ. ಹೊತ್ತೇರ್ತಿದ್ದಂಗ ಟಾರ್ಚಿನ ಕಾವಿಗೆ ಕಾಯ್ತಾವ, ತೊಗಲು ಕುಡದ ಎಣ್ಣಿ ಬೆವರಿದಂಗ ಹೊರಗ ಬರ್ತೈತಿ. ಆ ಬೆರಳ ಸಂದ್ಯಾಗಿಂದಲೇ ನನ್ನ ಫಿಲ್ಲರ್ ತಂತಿ ಜಾರೋದು. ತಂತಿ ಎಷ್ಟು ಒರಸಿದ್ರೇನು ಬಂತು, ಒರಸಿ ಮತ್ತ ಅದೇ ಗ್ಲೌಸಿನ್ಯಾಗ ಹಿಡೀತಿದ್ದೆ. ಕರಗಿದ ಸ್ಟೀಲಿಗೆ ಒಂದು ಕಣ ಎಣ್ಣಿ ಬಿದ್ರ ಅದು ಹೊಗಿಯಾಗಿ ಗುಳ್ಳಿ ಏಳ್ತೈತಿ, ಗುಳ್ಳಿ ಬಿಟ್ಟು ಹೋದ ಜಾಗನೇ ತೂತು. ಕೈ ನಡಗಿಲ್ಲ. ಕಣ್ಣು ಹೋಗಿಲ್ಲ. ಯವ್ವಾ, ನನ್ನ ಕೈ ನೆಟ್ಟಗ ಐತಿ!

ಕುಣೀಬೇಕು ಅನ್ನಿಸ್ತು. ಕುಣಿಯಾಕ ಅಪ್ಪ ಅಡ್ಡ ಕುಂತಿದ್ದ. ಎಷ್ಟೋ ವರ್ಷದ ಮ್ಯಾಲ ಅವನ ಮುಖದಾಗ ಕೆಲಸ ಮಾಡೋ ಮನಷಾನ ಕಳೆ ಇತ್ತು. ಎಳಿ ಬಿಸಿಲಿಗೆ ಗ್ಲೌಸು ಎತ್ತಿ ಹಿಡದು ಹೊಲಿಗಿ ನೋಡಾಕತ್ತಿದ್ದ. "ಚೊಲೋ ಆತು ಬಿಡಪ್ಪ" ಅಂದು ಒಳಗ ಹೋಗಿ ಒಲಿ ಮುಂದ ಕುಂತೆ. ಅಳು ಬಂತೋ ನಗಿ ಬಂತೋ, ಎರಡೂ ಕೂಡೇ ಬಂದವು.

ಸೋಮವಾರ ಸ್ಟೋರಿನ್ಯಾಗ ಹೊಸ ಗ್ಲೌಸು ಕೇಳಿ ತಗೊಂಡೆ. ಕಾರಣ ಗೊತ್ತಾದ್ರ ಅಂಜಿಕಿ ಹೋಗ್ತೈತಿ ಅಂತ ತಿಳದಿದ್ದೆ. ಎಲ್ಲಿದು! ಹೊಸ ಗ್ಲೌಸು ರಟ್ಟಿನಂಗ. ಬೆರಳಿಗೆ ತಂತಿ ಸಿಗವಲ್ಲದು, ಸಿಕ್ರ ಜಾರವಲ್ಲದು. ತಂತಿ ತಾನೇ ಮುಂದಕ್ಕ ಬರೋ ಬದಲಿ ಕುಪ್ಪಳಿಸಿ ಕುಪ್ಪಳಿಸಿ ಬರ್ತಿತ್ತು. ಹಿಂದ ಗಿರಾಕಿ ಕಡಿಯವರು ಇಬ್ಬರು, ಸಾಹೇಬರು, ದೂರದಾಗ ಕಂಪ್ಲಿ ಅಣ್ಣ, ಅವರ ಕಣ್ಣು ನನ್ನ ಬೆನ್ನಿಗೆ ತಾಗ್ತಿದ್ದವು. ಮೈಯೆಲ್ಲಾ ಬೆವರು. ಅಕಸ್ಮಾತ್ ಎಣ್ಣಿ ಕಾರಣ ಅಲ್ಲದಿದ್ರ? ನಾನೇ ನನಗ ಸಮಾಧಾನ ಮಾಡ್ಕೊಂಡಿದ್ರ? ಖರೇನೇ ಕೈ ಹೋಗಿದ್ರ? ಹನಿ ಕಟ್ಟಿದಾಗೊಮ್ಮೆ ಇದೇ ತಲ್ಯಾಗ ತಿರಗ್ತಿತ್ತು.

ಬೆಳಗಿನ ಬೆಸುಗಿ ಬಿಳಿ ಬಂತು. ಅದು ಬರ್ತೈತಿ ಅಂತ ಎಲ್ಲಾರಿಗೂ ಗೊತ್ತಿತ್ತು. ಊಟಕ್ಕ ಕುಂತೆ, ಒಂದು ತುತ್ತು ಇಳೀಲಿಲ್ಲ. ಮಧ್ಯಾಹ್ನ ಶೆಡ್ಡಿನ ತಗಡು ಕಾದು ಕಟ ಕಟ ಅಂತಿದ್ದಾಗ ಎರಡನೇದು ಹಾಕಿದೆ. ಮುಗಿಸಿ ಹೆಲ್ಮೆಟ್ ಎತ್ತಿ ಬಾಜೂಕ ಸರದೆ. ಕೆಂಪು ಹೊಡದ್ರು. ಒರಸಿದ್ರು. ಬಿಳಿ ಹೊಡದ್ರು. ನಿಂತೆ. ಯಾರೋ ಕೆಮ್ಮಿದ್ರ ಎದಿ ಧಸಕ್ ಅಂತಿತ್ತು. ಒಂದು ಕಡಿ ಕೆಂಪಗ ಕಂಡಂಗಾತು, ಸತ್ತೆ ಅಂದ್ಕೊಂಡೆ, ನೋಡಿದ್ರ ಅದು ಸಾಹೇಬರ ಕೆಂಪು ಪೆನ್ನಿನ ತುದಿ. ಕಾದ್ರು, ಮತ್ತ ಕಾದ್ರು. ಗಿರಾಕಿ ಕಡಿಯಾಂವ ಬ್ಯಾಟರಿ ಹಚ್ಚಿ ಸುತ್ತ ಹೊರಳಿಸಿ ನೋಡಿ, "ಓಕೆ" ಅಂದ. ಬಿಳಿ, ಪೂರಾ ಬಿಳಿ.

ಕಂಪ್ಲಿ ಅಣ್ಣ ಸೀಟಿ ಹೊಡದ. ನಾನು ಅಲ್ಲೇ ಸ್ಟೂಲ್ ಮ್ಯಾಲ ಕುಂತೆ. ನಂಬರು ಉಳೀತು.

ಆದ್ರ ಸಾಹೇಬರು ಬಿಡ್ತಾರೇನು? ಕಾರಣ ತಿಳೀಬೇಕಲ್ಲ. "ಏನು ಬದಲಿ ಮಾಡಿದ್ರಿ ಅಕ್ಕಾ?" ಅಂದ್ರು. ಗ್ಲೌಸು ಅಂದೆ. ಹಳೇ ಗ್ಲೌಸಿಗೆ ಔಡಲೆಣ್ಣಿ ಹಚ್ಚಿತ್ತು ಅಂದೆ. ಅವರ ಹುಬ್ಬು ಮ್ಯಾಲಕ್ಕ ಹೋದವು. "ಎಣ್ಣಿ? ಯಾರು ಹಚ್ಚಿದ್ರು?"

"ನಾನೇ."

ಸುಳ್ಳು. ಹೇಳಿದ್ದಕ್ಕ ಇವತ್ತಿಗೂ ನನಗ ಏನೂ ಅನ್ನಿಸಿಲ್ಲ. ನಾನು ಯಾವ ಕೇರಿಯಾಕಿ ಅಂತ ಆ ಶೆಡ್ಡಿನ್ಯಾಗ ಎಲ್ಲಾರಿಗೂ ಗೊತ್ತು, ಯಾರೂ ಬಾಯಿ ಬಿಟ್ಟು ಅನ್ನಂಗಿಲ್ಲ. ಅಪ್ಪನ ಹೆಸರು ತಗದಿದ್ರ ಅನ್ನಾಕ ಒಂದು ದಾರಿ ಸಿಗ್ತಿತ್ತು. ತೊಗಲಿನವರ ಬುದ್ಧಿ ಎಲ್ಲಿಗೆ ಹೋಗ್ತೈತಿ ಅಂತ ಒಬ್ಬಾಂವ ನಕ್ರೂ ಸಾಕು, ನಾನು ಅವನ ತಲಿ ಒಡೀತಿದ್ದೆ, ಆಮ್ಯಾಲ ನಂಬರಷ್ಟೇ ಅಲ್ಲ, ಕೆಲಸನೂ ಹೋಗ್ತಿತ್ತು.

ಸಾಹೇಬರು ಅವತ್ತೇ ಹೊಸ ಪದ್ಧತಿ ಮಾಡಿದ್ರು. ಇನ್ನ ಯಾರೂ ಗ್ಲೌಸು ಮನಿಗೆ ಒಯ್ಯಂಗಿಲ್ಲ. ಒಬ್ಬೊಬ್ಬರಿಗೆ ಒಂದೊಂದು ಡಬ್ಬಿ, ಒಂದೊಂದು ಕೀಲಿ. ಚೊಲೋ ಪದ್ಧತಿ, ನಾನೇ ಹೇಳ್ತೀನಿ. ಆದ್ರ ಕೀಲಿ ಕೈಯಾಗ ಬಂದ ಕೂಡ್ಲೇ ನನಗ ಬ್ಯಾರೆ ಸಂಕಟ ಹತ್ತಿತು. ಸಂಜೀಕ ಅಪ್ಪ ಗ್ಲೌಸು ಎಲ್ಲಿ ಅಂತಾನ. ಏನು ಹೇಳಲಿ?

ಬಸ್ಸಿನ್ಯಾಗ ಮಾತು ಜೋಡಿಸ್ಕೊಂತ ಬಂದೆ. ಕಂಪನಿಯವರು ಹೊಸ ಗ್ಲೌಸು ಕೊಟ್ಟಾರ, ಅವಕ್ಕ ಎಣ್ಣಿ ಬ್ಯಾಡಂತ ಅನ್ನಲೇನು? ಆಂವ ತೊಗಲು ಬಲ್ಲಾಂವ, ಯಾವ ತೊಗಲಿಗೆ ಎಣ್ಣಿ ಬ್ಯಾಡ ಅಂತ ಕೇಳ್ತಾನ. ಕಳದು ಹೋದವು ಅನ್ನಲೇನು? ಹೊಸಾವು ತಾ ಅಂತಾನ. ಒಂದು ಸುಳ್ಳಿಗೆ ಹತ್ತು ಸುಳ್ಳು ಕಟ್ಟೋದಕ್ಕಿಂತ ಖರೇ ಹೇಳೋದು ಚೊಲೋ ಅಂತ ಊರು ಬರೋದರಾಗ ಗಟ್ಟಿ ಮಾಡಿದೆ. ಖರೇ ಹೇಳೋದು ಹೆಂಗ ಅನ್ನೋದು ಮಾತ್ರ ಗೊತ್ತಿರಲಿಲ್ಲ.

ಅಪ್ಪ ಕಟ್ಟಿ ಮ್ಯಾಲೇ ಇದ್ದ. ಮೊದಲು ನನ್ನ ಅಂಜಿಕಿ ಎಲ್ಲಾ ಹೇಳಿದೆ. ನಂಬರು ಹೋಗೋದಿತ್ತು, ಇವತ್ತು ಟೆಸ್ಟ್ ಇತ್ತು, ಪಾಸಾದೆ. ಆಂವ ಎರಡೂ ಕೈ ಮುಗದು, "ಬದುಕಿದಿ ತಾಯಿ, ನನಗ್ಯಾಕ ಹೇಳಲಿಲ್ಲ?" ಅಂದ. ಆಮ್ಯಾಲ ಬೆಸುಗಿ ಯಾಕ ಕೆಡ್ತಿತ್ತು ಅಂತ ಹೇಳಿದೆ. ಭಾಳ ಹಗುರ ಮಾಡಿ ಹೇಳಿದೆ. ಎಣ್ಣಿ ತಪ್ಪಲ್ಲಪ್ಪ, ಎಣ್ಣಿ ಚೊಲೋ, ತೊಗಲಿಗೆ ಚೊಲೋ, ನಮ್ಮ ಸ್ಟೀಲಿಗೆ ಆಗಂಗಿಲ್ಲ, ಅದು ಭಾಳ ನಖರಾ ಮಾಡ್ತೈತಿ, ಅಂತೆಲ್ಲಾ ನಕ್ಕೊಂತ ಹೇಳಿದೆ.

ಆಂವ ನಗಲಿಲ್ಲ. ತನ್ನ ಎರಡೂ ಅಂಗೈ ತಿರುವಿ ನೋಡ್ಕೊಂಡ.

"ನಾ ಮುಟ್ಟಿದ್ದಕ್ಕ ಕೆಲಸ ಕೆಟ್ತೇನು ಯವ್ವಾ?" ಅಂದ.

ಯಾರೋ ಎದಿಗೆ ಒದ್ದಂಗಾತು. "ಅಪ್ಪಾ! ಎಣ್ಣಿ, ಎಣ್ಣಿ ಅಂದೆ ನಾನು! ಕೈ ಅಂದ್ನೇನು? ಸ್ಟೀಲಿಗೆ ಯಾರ ಕೈ ಅಂತ ಗೊತ್ತಿರ್ತೈತೇನು? ಸಾಹೇಬ ಹಚ್ಚಿದ್ರೂ ಕೆಡ್ತೈತಿ!" ಅಂತ ಚೀರಿದೆ. ಬಾಜೂ ಮನಿಯಾಕಿ ಹೊರಗ ಬಂದು ನೋಡಿದ್ಳು. "ಹೂಂ ಹೂಂ, ಎಣ್ಣಿ, ಗೊತ್ತಾತು, ಬಿಡು" ಅಂದು ಅಪ್ಪ ಬಟ್ಟಲು ತಗೊಂಡು ಒಳಗ ಹೋದ. ಊಟ ಮಾಡಿದ, ನಾಳೆ ಮಳಿ ಬರಬಹುದು ಅಂದ. ನನಗ ಸಮಾಧಾನ ಆತು ಅಂತ ಅಲ್ಲ, ಆದ್ರ ತಿಳ್ಕೊಂಡಾನ ಅಂದ್ಕೊಂಡೆ.

ಮರುದಿನ ಬೆಳಿಗ್ಗೆ ಎದ್ದು ನೋಡಿದ್ರ ಆಂವ ಹಿತ್ತಲ ಬಚ್ಚಲ ಕಲ್ಲಿನ ಮ್ಯಾಲ ಕುಂತು ಕೈ ತಿಕ್ಕಾಕತ್ತಿದ್ದ. ಇಷ್ಟೊತ್ತಿಗೇ ಸ್ನಾನಕ್ಕ ಕುಂತಾನ ಅಂತ ತಿಳದು ನಾನು ನನ್ನ ಗಡಿಬಿಡಿಯಾಗ ಇದ್ದೆ. ನಂಬರು ಉಳಿದ ಮೊದಲ ದಿನ, ತಡ ಆಗಬಾರದು ಅಂತ ಓಡಿದೆ. ಬಸ್ ಸ್ಟ್ಯಾಂಡಿಗೆ ಬಂದು ಹಂಪಿ ಕಡಿಂದ ಬರೋ ಬಸ್ಸು ಕಂಡ ಮ್ಯಾಲ ನೆನಪಾತು, ಊಟದ ಡಬ್ಬಿ ಮರತೀನಿ.

"ಯವ್ವಾ, ನಿಂದ್ರು!" ಹಿಂದ ನೋಡಿದ್ರ ಅಪ್ಪ. ಮೊಣಕಾಲು ಎಳ್ಕೊಂತ ಡಬ್ಬಿ ಹಿಡ್ಕೊಂಡು ಬರಾಕತ್ತಿದ್ದ. ನಾನು ಕೈ ಚಾಚಿದೆ. ಆಂವ ನನ್ನ ಕೈಗೆ ಕೊಡಲಿಲ್ಲ. ಬಸ್ ಸ್ಟ್ಯಾಂಡಿನ ಕಲ್ಲಿನ ಮ್ಯಾಲ ಡಬ್ಬಿ ಇಟ್ಟ, ಇಟ್ಟು ಹಿಂದಕ್ಕ ಸರದು ನಿಂತ. ನಾನು ಸಣ್ಣಾಕಿ ಇದ್ದಾಗ ಅವನ ಜೊತಿ ರೈತರ ಮನಿಗೆ ಹೋಗ್ತಿದ್ದೆ. ಹೊಲದು ತಂದ ಮೆಟ್ಟು ಅಂಗಳದಾಗ ಹಿಂಗೇ ಇಟ್ಟು, ಹಿಂಗೇ ಸರದು ನಿಂದರ್ತಿದ್ದ. ಅವರು ಬಂದು ಎತ್ಕೊಂತಿದ್ರು.

"ಏನಪ್ಪಾ ಇದು?" ಅಂದೆ.

"ತೊಳಕೊಂಡೀನಿ ಯವ್ವಾ, ಸೋಪಿನ ಪುಡಿ ಹಾಕಿ ತೊಳಕೊಂಡೀನಿ. ಆದ್ರೂ ಈ ಎಣ್ಣಿ ಕೈ ನಂಬಾಕ ಬರಂಗಿಲ್ಲ. ಡಬ್ಬಿ ಹಿಡಿದ ಕೈಲೇ ನೀನು ಟಾರ್ಚು ಹಿಡಿಯಾಕಿ."

"ಕೈಯಾಗ ಕೊಡು."

"ತಗೋ ಯವ್ವಾ, ಬಸ್ ಬಂತು."

"ನೀ ಕೈಯಾಗ ಕೊಡೋತನ ನಾ ಹತ್ತಂಗಿಲ್ಲ."

ಬಸ್ಸು ನಿಂತಿತು. ಜನ ಹತ್ತಿದ್ರು. ಕಂಡಕ್ಟರ್ ಬಾಗಿಲದಾಗ ನಿಂತು, "ಅಕ್ಕಾ, ಬರ್ರಿ ಜಲ್ದಿ!" ಅಂದ. ನಾನು ಅಲ್ಲಾಡಲಿಲ್ಲ. ಆಂವ ಸೀಟಿ ಊದಿದ. ಬಸ್ಸು ಮೆಲ್ಲಕ ಅಲುಗಾಡಿತು.

ಆಗ ಅಪ್ಪಗ ಎಲ್ಲಾ ಮರತು ಹೋತು. "ಏ ಹುಚ್ಚಿ! ಕೆಲಸ ಹೋಗ್ತೈತಲೇ! ಏ ಕಂಡಕ್ಟರಾ, ನಿಲ್ಲಸೋ!" ಅಂತ ಚೀರ್ಕೊಂತ ಕಲ್ಲಿನ ಮ್ಯಾಲಿನ ಡಬ್ಬಿ ಎತ್ಕೊಂಡು ಬಂದು ನನ್ನ ಎರಡೂ ಕೈಯಾಗ ತುರುಕಿ, ಭುಜ ಹಿಡದು ಬಸ್ಸಿನ ಕಡಿ ದಬ್ಬಿದ. ನಾನು ಡಬ್ಬಿ ಜೊತಿ ಅವನ ಕೈನೂ ಗಟ್ಟಿ ಹಿಡ್ಕೊಂಡೆ. ಯಾವತ್ತೂ ಮೆತ್ತಗ ಇರ್ತಿದ್ದ ಕೈ ಅದು, ಒಣಗಿ ಬೆಳ್ಳಗ ಸುಣ್ಣ ಬಳದಂಗ ಆಗಿತ್ತು. ಗೆಣ್ಣಿನ ಹತ್ರ ತಿಕ್ಕಿ ತಿಕ್ಕಿ ಸೀಳಿ, ಸಣ್ಣಗ ರಕ್ತ ಜಿನುಗ್ತಿತ್ತು.